ನೊರೀನ್‌ಳ ನೀಲಿ ಲಡಿ

ಹ್ಯೂವಾನ್‌ವಿಲ್, ಟ್ಯಾಸ್ಮೇನಿಯಾ
ಮಾರ್ಚ್ ೧೪

ಪ್ರೀತಿಯ ಟ್ಯಾಮ್ಸಿನ್,

ಹೇಗಿದ್ದೀ ಮಗಳೇ? ಕ್ರಿಸ್‌ಮಸ್‌ಗೆ ಬಂದ ನಿನ್ನ ಕಾರ್ಡಿಗೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಡಾರ್ವಿನ್‌ನ ಸೆಕೆಯಲ್ಲಿ ಉಣ್ಣೆಯ ಮಾತು ಯಾರಿಗೆ ಬೇಕು ಅನ್ನುತ್ತೀಯೇನೋ. ಆದರೂ ಹೇಳಲೇಬೇಕು. ಶನಿವಾರ ನಾನು ಮಾನ ಕಳೆದುಕೊಂಡೆ, ಗೆಳತಿ ನೊರೀನ್‌ಳನ್ನೂ ಕಳೆದುಕೊಂಡೆ.

ಅವತ್ತು ನೂಲುವವರ ಸಂಘದ ಪ್ರದರ್ಶನ. ಅಡುಗೆಮನೆ ಸಾಮಾನಿನಿಂದ ಬಣ್ಣ ಹಾಕಿದ ಉಣ್ಣೆಯ ಮೇಜಿನ ಮೇಲೆ ಇಪ್ಪತ್ತು ವರ್ಷದಿಂದ ನನ್ನ ಈರುಳ್ಳಿ ಸಿಪ್ಪೆಯ ಹೊಂಬಣ್ಣ, ಅವಳ ಚಹಾ ಕಂದು ಅಕ್ಕಪಕ್ಕ ಕೂರುತ್ತಿದ್ದವು. ಬಣ್ಣ ಕುದಿಸುವ ಪಾತ್ರೆಯೂ ನಮ್ಮಿಬ್ಬರಿಗೆ ಒಂದೇ. ಈ ಸಲ ನನಗೊಂದು ಮಾತೂ ಹೇಳದೆ ನೀಲಿ ನೂಲಿನ ಲಡಿ ತಂದಿಟ್ಟಿದ್ದಳು. ಎಂಥ ನೀಲಿ! ಕಟ್ಟಿದ ಚೀಟಿಯಲ್ಲಿ ‘ಕೆಂಪು ಎಲೆಕೋಸು, ಪಟಿಕ, ಚಿಟಿಕೆ ಸೋಡಾ’ ಎಂದಿತ್ತು. ಓದಿದ್ದೇ ನನಗೆ ಮೈಯೆಲ್ಲ ಉರಿಯಿತು.

“ಇದು ಕೋಸಲ್ಲ, ಅಂಗಡಿ ಪುಡಿ!” ಅಂದೆ, ಇಡೀ ಹಾಲ್‌ಗೆ ಕೇಳುವ ಹಾಗೆ.

ನೊರೀನ್ ಮುಖ ಕೆಂಪಾಯಿತು. “ಏನಂದೆ ಆಲ್ಮಾ?”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಕೋತೀಯ? ವಿನೆಗರ್ ತರ್ಸಿ. ಕೋಸಾದ್ರೆ ಗುಲಾಬಿ ಆಗುತ್ತೆ, ಇಲ್ಲಾಂದ್ರೆ ಪುಡೀನೇ.”

ತೀರ್ಪು ಕೊಡುವ ಮುದುಕಿ ಐಡಾ ನನ್ನ ತೋಳು ಹಿಡಿದಳು. “ಬೇಡ ಕಣೇ. ಒಂದು ಲಡಿಗೋಸ್ಕರ ಇಷ್ಟೆಲ್ಲಾನಾ?”

ನೊರೀನ್ ತಾನೇ ಒಂದೆಳೆ ಕತ್ತರಿಸಿದಳು. ಸ್ಕೋನ್ ತಿನ್ನುತ್ತಿದ್ದವರೂ ತಟ್ಟೆ ಇಟ್ಟು ಸುತ್ತ ಬಂದು ನಿಂತರು. ವಿನೆಗರ್ ಬಟ್ಟಲಿಗೆ ಬಿದ್ದ ಎಳೆ ಸ್ವಲ್ಪ ಹೊತ್ತು ನೀಲಿಯಾಗೇ ಇತ್ತು. ಆಮೇಲೆ ತುದಿ ನೇರಳೆಯಾಯಿತು. ನೋಡನೋಡುತ್ತ ಪೂರ್ತಿ ಗುಲಾಬಿ.

“ಸಮಾಧಾನ ಆಯ್ತಾ?” ಅಂದಳು ನೊರೀನ್, ಅಷ್ಟೇ. ಮರುದಿನ ನೋಡಿದರೆ ನಮ್ಮ ಪಾತ್ರೆ ನನ್ನ ಮೆಟ್ಟಿಲ ಮೇಲಿತ್ತು. ಇಪ್ಪತ್ತು ವರ್ಷದ ಕಲೆ ಹೋಗುವ ಹಾಗೆ ತಿಕ್ಕಿ ತೊಳೆದಿದ್ದಳು.

“ಹೋಗಿ ಕ್ಷಮೆ ಕೇಳು, ಗಂಟೇನೂ ಹೋಗಲ್ಲ,” ಅನ್ನುತ್ತಾರೆ ನಿಮ್ಮಪ್ಪ. ಎರಡು ಸಲ ಅವಳ ಗೇಟಿನವರೆಗೆ ಹೋಗಿ ವಾಪಸು ಬಂದೆ.

ನೀನು ಚೆನ್ನಾಗಿರು ಕಂದಾ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ಆಲ್ಮಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಆ ಚೀಟಿಯನ್ನು ನೊರೀನ್ ನೀನು ಅವಳಿಗೆ ಬರೆದ ಕಾಗದದಿಂದ ಕತ್ತರಿಸಿದ್ದಳು. ನಿನ್ನ ಅಕ್ಷರ ಕಂಡ ಕೂಡಲೇ ಅದು ಕೋಸೇ ಎಂದು ನನಗೆ ಗೊತ್ತಾಯಿತು. ಗೊತ್ತಿದ್ದೂ ವಿನೆಗರ್ ತರಿಸಿದೆ. ಅವಳಿಗೆ ಕಾಗದ, ನನಗೆ ಬರೀ ಹೆಸರು ಹಾಕಿದ ಕಾರ್ಡು, ತಡೆಯಲಾಗಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ನೀನು ಕೋಸಿನಿಂದ ಮೊದಲ ನೀಲಿ ಮಾಡಿದಾಗ, “ವಾರದಲ್ಲಿ ಮಾಸುತ್ತೆ ಬಿಡು” ಎಂದು ಎಲ್ಲರೆದುರು ನಕ್ಕವಳು ನಾನೇ. ಬಿಸಿಲಿಗೆ ನಿಲ್ಲುತ್ತದೆಯೇ ನೋಡಲು ಆ ನೂಲನ್ನು ರಟ್ಟಿಗೆ ಸುತ್ತಿ, ಅರ್ಧ ಮುಚ್ಚಿ, ಕಿಟಕಿಗೆ ಕಟ್ಟಿದ್ದೆಯಲ್ಲ, ಅದು ಇನ್ನೂ ಅಲ್ಲೇ ಇತ್ತು. ಇವತ್ತು ಬಿಚ್ಚಿದೆ. ಬಿಸಿಲು ಬಿದ್ದ ಅರ್ಧ ಬಿಳಿಚಿದೆ. ಮುಚ್ಚಿದ ಅರ್ಧ ನೀಲಿಯಾಗೇ ಇದೆ. ಸೋಡಾ ಎಷ್ಟು ಹಾಕಬೇಕೆಂದು ನನಗೂ ಬರೆ.