ತಂಪಿನ ಕೋಣೆ

ರಾಯಚೂರು, 4 ಮೇ 1985, ಶನಿವಾರ

ಆಂಪ್ಲಿಫೈಯರ್ ಇವತ್ತೂ ಮೂರನೇ ಹಾಡಿಗೆ ಬಂದ್. ಅದರೊಳಗಿನ ಐಸಿ ಚಿಪ್ ಸುಟ್ಟಿಲ್ಲ. ಕಾದರೆ ತಾನೇ ಬಾಯಿ ಮುಚ್ಚುತ್ತದೆ, ಆರಿದರೆ ತಾನೇ ಶುರು. ಉಗುರಿನಷ್ಟು ಜೀವ, ಧಿಮಾಕು ತಹಸೀಲ್ದಾರನದು. ಅಂಗಡಿಯಲ್ಲಿ ಕೂರಲಾಗದಷ್ಟು ಧಗೆ. ಬಿಸಿ ಎಳೆದುಕೊಳ್ಳಲು ಐಸಿಯ ಬೆನ್ನಿಗೆ ಕಟ್ಟಿದ ಅಲ್ಯೂಮಿನಿಯಂ ಸಾಲದು. ದೊಡ್ಡದು ಬೇಕು, ಹಲ್ಲು ಹಲ್ಲಾಗಿ ಗಾಳಿ ಆಡುವಂಥದ್ದು.

ಮಾನ್ವಿಯ ಬಟ್ಟೆ ವ್ಯಾಪಾರಿ ಜಿಲಾನಿ ಪಾಷಾ ಅವರ ಮಗಳ ನಿಕಾಹ್ ಹನ್ನೆರಡನೇ ತಾರೀಕಿಗೆ. ರಂಜಾನ್ ಬರುವುದರೊಳಗೆ ಮುಗಿಸಬೇಕಂತೆ. ನನ್ನ ಕೈಯಾರೆ ಮಾಡಿದ ಆಂಪ್ಲಿಫೈಯರ್‌ಗೆ ಇದೇ ಮೊದಲ ಮದುವೆ. ಖಾಜಿ ಸಾಹೇಬರು ಮೈಕ್ ಹಿಡಿದಾಗ ಬಂದ್ ಆದರೆ? ಭಯ ಆಗುತ್ತದೆ. ಯಾರಿಗೂ ಹೇಳಿಲ್ಲ.

7 ಮೇ, ಮಂಗಳವಾರ

ಸತ್ತಾರ್ ಸಾಬ್ ಬಂದಿದ್ದರು. ನನಗೆ ರೇಡಿಯೋ ರಿಪೇರಿ ಕಲಿಸಿದ ಉಸ್ತಾದ್. ಐಸಿಗೂ ಅಲ್ಯೂಮಿನಿಯಂಗೂ ನಡುವೆ ಕರೆಂಟ್ ದಾಟದಿರಲೆಂದು ನಾನಿಟ್ಟಿದ್ದ ಅಭ್ರಕದ ಹಾಳೆ ಕಿತ್ತು ಬಿಸಾಕಿದರು.

"ಇದೇ ಬಿಸಿ ಹಿಡಕೊಂಡು ಕುಂತದಲೇ ಇಮಾಮ್. ನೇರ ಸ್ಕ್ರೂ ಹೊಡಿ."

"ಆಗ ಅಲ್ಯೂಮಿನಿಯಂನಾಗೂ ಕರೆಂಟ್ ಬರ್ತದಲ್ರೀ?"

"ಬರ್ಲಿ. ಬ್ಯಾಟ್ರಿ ಕರೆಂಟ್ ಮನಷ್ಯಾರ್ನ ಹೊಡಿಯಂಗಿಲ್ಲ. ಕಟ್ಟಿಗಿ ತುಂಡು ಕೊಟ್ಟು ಡಬ್ಬಿಗೆ ತಾಗದಂಗ ಹೊರಗ ನಿಲ್ಸು. ನಡುವ ತಂತಿಗಿಂತಿ ಬಿತ್ತಂದ್ರ ಮಾತ್ರ ಬೆಂಕಿ, ನೋಡು ಮತ್ತ."

ಹಾಗೇ ಮಾಡಿದೆ. ಎರಡು ಲಾರಿ ಬ್ಯಾಟರಿ ಕಟ್ಟಿದೆ — ಮೇ ತಿಂಗಳಲ್ಲಿ ಮಾನ್ವಿಯ ಕರೆಂಟ್ ನಂಬುವವರು ಯಾರು? ಸಂಜೆಯವರೆಗೆ ಹಾಡಿತು, ಒಮ್ಮೆಯೂ ನಿಲ್ಲಲಿಲ್ಲ. ಖುಷಿ. ಆದರೂ ಹಿಂದುಗಡೆ ಚಾಚಿಕೊಂಡ ಆ ಹಲ್ಲುಗಳನ್ನು ನೋಡಿದರೆ ಸಮಾಧಾನವಿಲ್ಲ. ಅದಕ್ಕೂ ತಗಡಿನ ಡಬ್ಬಿಗೂ ನಡುವೆ ಒಂದು ಬೆರಳಿನ ಸಂದು ಅಷ್ಟೇ.

ಮಾನ್ವಿ, 12 ಮೇ, ಭಾನುವಾರ, ಬೆಳಗ್ಗೆ

ಅಮ್ಮಿಗೂ ಕರೆ ಇತ್ತು. ಇಬ್ಬರೂ ನಿನ್ನೆಯೇ ಬಂದೆವು. ಆಂಪ್ಲಿಫೈಯರ್ ಪೆಟ್ಟಿಗೆ ಎಲ್ಲಿಡುತ್ತೀ ಎಂದು ಜಿಲಾನಿ ಪಾಷಾ ಕೇಳಿದರು. "ಮನ್ಯಾಗ ಎಲ್ಲಾಕಿಂತ ತಂಪು ಇರೋ ಜಾಗಾ ಕೊಡ್ರಿ ಚಾಚಾ" ಅಂದೆ. ಒಳಗಿನ ಕೋಣೆ ಕೊಟ್ಟರು. ದಪ್ಪ ಗೋಡೆ, ಕಲ್ಲುಹಾಸು, ಕಾಲಿಟ್ಟರೆ ಪ್ರಾಣ ತಂಪು. ಡಬ್ಬಿ, ಬ್ಯಾಟರಿ ಅಲ್ಲಿ. ಸ್ಪೀಕರ್, ಮೈಕು, ಕ್ಯಾಸೆಟ್ಟು ನನ್ನ ಹತ್ತಿರ ಚಪ್ಪರದಲ್ಲಿ. ವೈರು ಕಿಟಕಿಯಿಂದ. ಎಷ್ಟೋ ದಿನದ ಮೇಲೆ ಉಸಿರು ಬಿಟ್ಟೆ.

ಹತ್ತು ಗಂಟೆ

ಕೆಟ್ಟೆ. ಆ ಕೋಣೆ ಹೆಂಗಸರಿಗೆ. ಈ ಬಿಸಿಲಲ್ಲಿ ತಂಪಿರುವ ಕಡೆ ಹೆಂಗಸರನ್ನು, ಕೂಸುಗಳನ್ನು ಕೂರಿಸದೆ ಇನ್ನೆಲ್ಲಿ ಕೂರಿಸುತ್ತಾರೆ? ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಬಾಗಿಲಿಗೆ ಪರದೆ, ಕಿಟಕಿಗೆ ಚಾದರ. ಪರದೆ ಮುಂದೆ ಸ್ಟೂಲ್ ಹಾಕಿಕೊಂಡು ಹೀರಾಬಿ ಎಂಬ ಮುದುಕಿ. ಗಂಡು ನೊಣವನ್ನೂ ಒಳಗೆ ಬಿಡುವವಳಲ್ಲ.

ಹನ್ನೊಂದು ದಾಟಿದೆ

ಹಾಡು ನಿಂತಿತು. ಮತ್ತೆ ಬಂತು. ಮತ್ತೆ ನಿಂತಿತು. ಕಾದಿದೆ. ಗಾಳಿ ಸಿಗುತ್ತಿಲ್ಲ ಅದಕ್ಕೆ.

ಯಾರೋ ಒಳಗೆ ಹೋಗುವಾಗ ಪರದೆ ಸರಿಯಿತು. ನೋಡಿದೆ. ಡಬ್ಬಿಯೇ ಕಾಣಲಿಲ್ಲ, ಅದರ ಜಾಗದಲ್ಲಿ ಕಪ್ಪು ಗುಡ್ಡೆ. ಬುರ್ಖಾಗಳು! ಬಂದವರೆಲ್ಲ ಕಳಚಿ ಅದರ ಮೇಲೆ ಒಟ್ಟಿದ್ದಾರೆ. ನಡುವೆ ಯಾರೋ ತಲೆಗೆ ಹೊದ್ದಿದ್ದ ಜರಿ ಓಢಣಿ ಮಿಂಚಿತು. ಜರಿ ಅಂದರೆ ತಂತಿ... ಡಬ್ಬಿ ಹಿಂದಿನ ಆ ಬೆರಳಿನ ಸಂದಿಗೆ ಇಳಿದರೆ? ಫ್ಯೂಸ್ ಹೋಗುವಷ್ಟರಲ್ಲಿ ಬಟ್ಟೆ ಹೊತ್ತಿರುತ್ತದೆ. ಕೋಣೆ ತುಂಬ ಜನ, ಬಾಗಿಲು ಒಂದೇ. ಅಮ್ಮಿ ಒಳಗಿದ್ದಾಳೆ.

ಹೀರಾಬಿಯ ಕಾಲು ಹಿಡಿಯುವುದೊಂದು ಬಾಕಿ. "ಪೆಟ್ಟಿಗಿ ಮ್ಯಾಲಿನ ಬಟ್ಟಿ ತೆಗಿಸ್ರಿ ನಾನೀ, ಬೆಂಕಿ ಹತ್ತತದ. ನಮ್ಮ ಅಮ್ಮಿಗರ ಹೇಳ್ರಿ." ಒಳಗೆ ಹೋಗಿ ಬಂದಳು.

"ನಿಮ್ಮವ್ವ ಹೇಳ್ಯಾಳ, ಪೆಟ್ಟಿಗಿ ಜ್ವಾಕಿ ಅದ, ಏನೂ ಆಗಿಲ್ಲ ಅಂತ. ಹೋಗಪ್ಪಾ, ಹಾಡು ಹಚ್ಚು ಹೋಗು."

ಹೀರಾಬಿ ಬೆಂಕಿಯ ಮಾತು ಹೇಳಿದಳೋ ಇಲ್ಲವೋ. ಒಳಗಿನ ಗದ್ದಲದಲ್ಲಿ ಯಾರಿಗೆ ಏನು ಕೇಳಿಸಿತೋ.

ಹನ್ನೊಂದೂವರೆ

ಸ್ಪೀಕರ್ ವೈರು ಕಿತ್ತೆ, ಸ್ವಲ್ಪವಾದರೂ ಆರಲಿ ಎಂದು. ಜಿಲಾನಿ ಪಾಷಾ ಓಡಿ ಬಂದರು.

"ಖಾಜಿ ಸಾಬ್ ಬಂದು ಕುಂತಾರ. ಮೈಕ್ ಎಲ್ಲಿ?"

"ಚಾಚಾ, ಒಂದು ನಿಮಿಷ ನಾ ಒಳಗ ಹೋಗಬೇಕ್ರಿ."

"ಹೆಣ್ಮಕ್ಕಳ ಕ್ವಾಣಿಗಿ? ಕಾಲ ಮುರೀತೀನಿ ನೋಡು."

ವೈರು ಕಿತ್ತರೂ ಜರಿ ಅಲ್ಲೇ ಇದೆ. ಬ್ಯಾಟರಿ ಅಲ್ಲೇ ಇದೆ. ಬರೆಯುತ್ತಾ ಕೂತಿದ್ದೇನಲ್ಲ, ಯಾಕೆ? ಹೋಗಲು ಧೈರ್ಯ ಇಲ್ಲ, ಅದಕ್ಕೆ.

ಏನೋ ಕಮಟು ವಾಸನೆ. ಬಿರಿಯಾನಿ ಒಲೆಯದಿರಬೇಕು... ಅಲ್ಲ. ಬಟ್ಟೆ.

ರಾಯಚೂರು, 19 ಮೇ, ಭಾನುವಾರ

ಬಲಗೈಗೆ ಪಟ್ಟಿ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕಾಗೆ ಕಾಲು, ಗುಬ್ಬಿ ಕಾಲು.

ಹೀರಾಬಿಯನ್ನು ತಳ್ಳಿಕೊಂಡೇ ನುಗ್ಗಿದೆ. ಬುರ್ಖಾ ಎಳೆದೆಳೆದು ಎಸೆದೆ. ಅಡಿಯಲ್ಲಿ ಜರಿ ಕೆಂಪಗೆ ಕಾದು ಓಢಣಿ ಹೊತ್ತಿತ್ತು. ಬ್ಯಾಟರಿ ವೈರು ಬರಿಗೈಯಲ್ಲೇ ಕಿತ್ತೆ. ಹೆಂಗಸರು ಚೀರಿದರು, ಬೆಂಕಿಗೋ ನನಗೋ ಗೊತ್ತಿಲ್ಲ. ಹೊರಗೆ ಬಂದ ಕೂಡಲೇ ಗಂಡಸರು ಹೊಡೆದರು. ಹೊಗೆ ಕಂಡ ಮೇಲೆ ಬಿಟ್ಟರು.

ಯಾರೂ ಸಾಯಲಿಲ್ಲ. ಆದರೆ ಜಿಲಾನಿ ಪಾಷಾ ಅವರ ಮೊಮ್ಮಗಳು, ಎರಡು ವರ್ಷದ ಕೂಸು, ಆ ಗುಡ್ಡೆಗೆ ಒರಗಿ ಮಲಗಿತ್ತು. ಕಾಲು ಸುಟ್ಟಿದೆ. ಇನ್ನೂ ದವಾಖಾನೆಯಲ್ಲಿದೆ. ನಡೆಯುತ್ತದೆ ಅನ್ನುತ್ತಾರೆ. ಕಣ್ಣು ಮುಚ್ಚಿದರೆ ಅದರ ಅಳುವೇ.

ಮೊನ್ನೆ ಶುಕ್ರವಾರ ಮಾನ್ವಿ ಜಮಾತಿನ ಹಿರಿಯರ ಮುಂದೆ ಕೂರಿಸಿದರು. ನನ್ನ ಪೆಟ್ಟಿಗೆಯೇ ಖೋಟಾ ಅಂದರು ಜಿಲಾನಿ ಪಾಷಾ. ಹೆದರಿಕೆಗೆ ಬಾಯಿ ತಾನೇ ಓಡಿತು. "ನಂದೇನು ತಪ್ಪದರೀ? ಅದರ ಮ್ಯಾಲ ಮೊದ್ಲ ಬಟ್ಟಿ ಹೊದಿಸಿದವ್ರು ಯಾರು, ಅವ್ರನ್ನ ಕೇಳ್ರಿ. ಅವ್ರೇ ಜವಾಬು ಕೊಡ್ಲಿ." ಹಿರಿಯರಿಗೂ ಸರಿ ಅನ್ನಿಸಿತು. ವಿಚಾರಿಸುತ್ತೇವೆ ಅಂದರು. ನಾನು ಬದುಕಿದೆ ಅಂದುಕೊಂಡೆ.

ಮದುವೆಯಿಂದ ಬಂದಾಗಿನಿಂದ ಅಮ್ಮಿ ಮಾತಾಡಿಲ್ಲ. ಊಟ ಅಷ್ಟಕ್ಕಷ್ಟೆ. ಮೈಗೆ ಹುಷಾರಿಲ್ಲ ಅಂದುಕೊಂಡಿದ್ದೆ. ಇವತ್ತು ನನ್ನ ಪಟ್ಟಿ ಬಿಚ್ಚಿ ಮುಲಾಮು ಹಚ್ಚುತ್ತಾ, ತಲೆ ಎತ್ತದೆ:

"ಕೂಸುಗಳು ಜಿಗಿದಾಡಾಕತ್ತಿದ್ವು. ಧೂಳ ಏಳಾಕತ್ತಿತ್ತು. ಮಗ ಮಾಡಿದ ಪೆಟ್ಟಿಗಿ, ಮ್ಯಾಲ ಧೂಳ ಬೀಳಬಾರ್ದಂತ ನನ್ನ ಬುರ್ಖಾ ತೆಗದು ಹೊದಿಸಿದೆ. ಅದನ್ನ ನೋಡಿ ಎಲ್ಲಾರೂ ಅಲ್ಲೇ ಇಟ್ರು. ನಾನೇ ಇಮಾಮ್. ಮೊದ್ಲ ಹೊದಿಸಿದಾಕಿ ನಾನೇ."

ಯಾರಿಗೂ ಹೇಳಬೇಡ ಅಂದೆ. ಪೆಟ್ಟು ತಿಂದಾಗಲೂ ಇಷ್ಟು ಹೆದರಿರಲಿಲ್ಲ.

ಸಂಜೆ

ಬಾಗಿಲಲ್ಲಿ ಜಿಲಾನಿ ಪಾಷಾ, ಜೊತೆಗೆ ಇಬ್ಬರು ಹಿರಿಯರು. ಮಾನ್ವಿಯಲ್ಲಿ ಯಾರೂ ಒಪ್ಪಿಕೊಳ್ಳುತ್ತಿಲ್ಲವಂತೆ. ನಿನ್ನ ತಾಯಿಯೂ ಒಳಗಿದ್ದಳಲ್ಲ, ಆಕೆ ಕಂಡಿರಬೇಕು, ಕೇಳಿ ಹೋಗಲು ಬಂದೆವು ಅಂದರು. ಅಮ್ಮಿ ಮಲಗಿದ್ದಾಳೆ ಅಂತ ಸುಳ್ಳು ಹೇಳಿ ಒಳಗೆ ಬಂದೆ. ಕೂತಿದ್ದೇನೆ. ಹೊರಗೆ ಮತ್ತೆ ಕರೆಯುತ್ತಿದ್ದಾರೆ. ಅಮ್ಮಿ ಎದ್ದಳು. ಸೆರಗು ಸರಿ ಮಾಡಿಕೊಂಡಳು. ಬೇಡ ಎಂದು ಕೈ ಹಿಡಿದೆ, ಬಿಡಿಸಿಕೊಂಡು ಬಾಗಿಲ ಕಡೆ ನಡೆದಳು. ಅವಳು ಹೇಳಿಯೇ ಹೇಳುತ್ತಾಳೆ.