ಸಾಹೇಬರ ಅರ್ಧ ತಾಸಿನ ವಿಮಾನ

ಗುರುವಾರ, ೧೩ ನವೆಂಬರ್. ನಾಶಿಕ್.

ಕಣ್ಣು ಮುಚ್ಚಿದರೂ ಮ್ಯಾನೇಜರ್ ಹುದ್ದಾರ ಸಾಹೇಬರ ಮುಖವೇ ಕಾಣುತ್ತದೆ, ಪೀಡೆ. ನಮ್ಮ ಧಾರವಾಡದವರೇ ಮ್ಯಾನೇಜರಾಗಿ ಬಂದರೆಂದು ಬ್ಯಾಂಕಿನಲ್ಲಿ ಪೇಢೆ ಹಂಚಿದವಳು ನಾನೇ! ಗಂಡ, ಮಗಳು ಸಂಭಾಜಿನಗರದಲ್ಲಿದ್ದಾರೆ, ನನ್ನನ್ನೂ ಅಲ್ಲಿಗೆ ವರ್ಗ ಮಾಡಿಸಿರಿ ಎಂದರೆ ಫೋನ್ ಎತ್ತಿ ತೋರಿಸಿದರು.

“ನೋಡ್ರಿ ಮೇಡಂ, ಏರ್‌ಪೋರ್ಟಿನಿಂದ ಏರ್‌ಪೋರ್ಟಿಗೆ ಬರೇ ಅರ್ಧಾ ತಾಸು. ಇದಕ್ಕ ದೂರ ಅಂತಾರೇನು?”

“ಆ ವಿಮಾನ ಎಷ್ಟಕ್ಕ ಬಿಡತದ್ರಿ, ಸರ್?”

ಹುಡುಕಿದರು. ನೇರ ವಿಮಾನವೇ ಇಲ್ಲ. ಹೈದರಾಬಾದಿಗೆ ಹಾರಿ, ಅಲ್ಲಿಂದ ಹೊರಳಿ ಬರಬೇಕಂತೆ. ವಿಮಾನ ಹಾರದಿದ್ದರೇನು, ಹಾರಿಕೆಯ ಉತ್ತರ ಹಾರಿತು: “ಇವತ್ತಿಲ್ಲಾಂದ್ರ ನಾಳೆ ಬರತದ. ವರ್ಗಾವಣಿ ಬರೋ ವರ್ಷ ನೋಡೂಣು.”

ನನ್ನ ವಿಮಾನವೆಂದರೆ ದಾರಿಯ ಯೇವಲಾದಲ್ಲಿ ಚಹಾಕ್ಕೆ ನಿಂತು ಹೊರಡುವುದನ್ನೇ ಮರೆತುಬಿಡುವ ಶನಿವಾರದ ಕೆಂಪು ಬಸ್ಸು.

ಸಿಟ್ಟಿನಲ್ಲಿ ಇದನ್ನೆಲ್ಲ ಗಂಡನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ನಡುವೆ ಮಗಳು ವೈಷ್ಣವಿ ಬಾಯಿ ಹಾಕಿದಳು: “ಅರ್ಧಾ ತಾಸಾ, ಆಯೀ? ಹಂಗಾರ ಈಗ ಬಾ ನಾ!”

ಶನಿವಾರದ ಬಸ್ಸಿಗೆ ಬರತೇನಿ ಎಂದು ಫೋನ್ ಇಟ್ಟೆ.

ಸೋಮವಾರ ಅಲ್ಲಿಂದ ಮರಳಿ ಬೇಕಂತಲೇ ತಡಮಾಡಿ ಮಧ್ಯಾಹ್ನ ಬ್ಯಾಂಕಿಗೆ ಹೋಗುತ್ತೇನೆ. ತಡ ಯಾಕೆಂದು ಸಾಹೇಬರು ಕೇಳಲಿ, ಹೇಳುತ್ತೇನೆ. ನಿಮ್ಮ ವಿಮಾನಕ್ಕೇ ಕಾಯುತ್ತ ನಿಂತಿದ್ದೆ ಸರ್, ಆ ಕಡೆ ಮಗಳೂ ನಿಂತಿದ್ದಳು, ಅಂತ…