ಲಕ್ಷ್ಮಣಪ್ಪನ ಗಿರಗಿಟ್ಲೆ

೭ ಏಪ್ರಿಲ್ ೧೯೮೧

ಬೆಳಿಗ್ಗೆ ಮೂರು ಪಂಕ್ಚರ್, ಒಂದು ರಿಮ್ ಬೆಂಡ್. ಯುಗಾದಿ ಹೋಳಿಗೆ ಇನ್ನೂ ಹೊಟ್ಟೆಯಲ್ಲೇ ಕೂತಿದೆ. ಹನ್ನೊಂದರ ಬಸ್ಸಿಗೆ ಬುಕ್ಕಾಂಬುಧಿಯಿಂದ ಲಕ್ಷ್ಮಣಪ್ಪ ಬಂದ. ಅಲ್ಲಿಯ ಕೆರೆ ತೂಬಿನ ನೀರುಗಂಟಿ. ನನ್ನ ವಯಸ್ಸೇ. ದೀಪಾವಳಿ ಹೊತ್ತಿಗೆ ತರೀಕೆರೆ ಆಸ್ಪತ್ರೆಯಲ್ಲಿ ಹಲ್ಲೆಲ್ಲ ಕೀಳಿಸಿಕೊಂಡ ಮೇಲೆ ಹತ್ತು ವರ್ಷ ದೊಡ್ಡವನಂತೆ ಕಾಣುತ್ತಾನೆ.

ಗಿರಗಿಟ್ಲೆ ತಂದಿದ್ದ — ಮೀನು ಹಿಡಿಯುವುದು. ಲಕ್ಕವಳ್ಳಿ ಡ್ಯಾಂ ಕಟ್ಟುವಾಗ ಯಾವನೋ ಇಂಜಿನಿಯರ್ ಹತ್ತಿರ ನೋಡಿ, ಹಿತ್ತಾಳೆ ಚಮಚ ಕತ್ತರಿಸಿ ತಾನೇ ಮಾಡಿಕೊಂಡದ್ದು. ನಡುವಿನ ಕಂಬಿ ಸೈಕಲ್ ಕಡ್ಡಿ, ಆಗ ನನ್ನ ಅಂಗಡಿಯಿಂದಲೇ ಒಯ್ದಿದ್ದ. ತುದಿಗೆ ಕೊಕ್ಕೆ. ದಾರ ಕಟ್ಟಿ ನೀರಿಗೆ ಎಸೆದು ಎಳೆದರೆ ಹಿತ್ತಾಳೆ ಎಲೆ ಗಿರಗಿರ ತಿರುಗುತ್ತದೆ. ಮರಿಮೀನು ಓಡುತ್ತಿದೆ ಅಂದುಕೊಂಡು ಕುಚ್ಚು ಮೀನು ಬಂದು ಕಚ್ಚುತ್ತದೆ. ಹಾಗಂತ ಅವನು ಹೇಳುವುದು. ನಾನು ಮೀನು ಮುಟ್ಟಿದವನೂ ಅಲ್ಲ, ತಿಂದವನೂ ಅಲ್ಲ.

ಕೆರೆ ಮೀನು ಹರಾಜಾಗಿದೆಯಂತೆ. ಜೂನ್ ಒಂದರಿಂದ ಕಂಟ್ರಾಕ್ಟರನ ಬಲೆ ಬಿಟ್ಟು ಯಾರ ಗಾಳವೂ ಇಳಿಯುವ ಹಾಗಿಲ್ಲ. ಅಷ್ಟರೊಳಗೆ ಒಂದು ಕುಚ್ಚು, ಕೊನೇದು, ತನ್ನ ಕೈಯಲ್ಲಿ ಎದ್ದುಬಿಡಲಿ ಅನ್ನುವ ಆಸೆ ಅವನಿಗೆ. ಕಂಬಿ ತುಕ್ಕು ಹಿಡಿದಿದೆ, ಬದಲಾಯಿಸಿ ಕೊಡಿ ಅಂದ. ಕಿಟಕಿ ಮೇಲೆ ಅವರಿಗಂತ ಇಟ್ಟ ಅಲ್ಯೂಮಿನಿಯಂ ಲೋಟ ತೊಳೆದುಕೊಂಡು ಕಾಫಿ ಕುಡಿದ, ತೊಳೆದು ಅಲ್ಲೇ ಬೋರಲು ಹಾಕಿ ಹೋದ.

೯ ಏಪ್ರಿಲ್

ಹೊಸ ಕಡ್ಡಿ ಹಾಕಿದೆ. ಎಲೆ ನೋಡಿದರೆ ಸೊಟ್ಟ, ತುದಿಯ ಹತ್ತಿರ ತಗ್ಗು. ವಯಸ್ಸಾದ ಹಿತ್ತಾಳೆ, ಪಾಪ. ಅಡಿಗಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಿದೆ. ಹುಣಸೆಹಣ್ಣು ಹಾಕಿ ಉಜ್ಜುತ್ತಿರುವಾಗ ಹೆಂಡತಿ ಕಾಶಮ್ಮ ನೋಡಿದಳು.

"ಮೀನಿಗೆ ಹುಣಸೆಹಣ್ಣು ಹಾಕೋದು ಅವರ ಮನೇಲಿ ಕಣ್ರೀ, ನಮ್ಮನೇಲಲ್ಲ."

ಪಂಕ್ಚರ್ ತೊಟ್ಟಿಯ ನೀರಿನಲ್ಲಿ ಎಳೆದು ನೋಡಿದೆ. ಒಂಚೂರೂ ವಾಲದೆ ತಿರುಗಿತು. ಎಷ್ಟು ವರ್ಷ ಚಕ್ರದ ಬೆಂಡ್ ತೆಗೆದ ಕೈ ಇದು.

೧೬ ಏಪ್ರಿಲ್

ಲಕ್ಷ್ಮಣಪ್ಪ ವಾಪಸ್ ತಂದ. ಆರು ದಿನ ಎಸೆದನಂತೆ, ಒಂದು ಮೀನೂ ತಿರುಗಿ ನೋಡಿಲ್ಲ.

"ಯಾಕ್ ಯಜಮಾನ್ರೇ, ಇದನ್ನೂ ಸೈಕಲ್ ಚಕ್ರ ಮಾಡ್ಬಿಟ್ರಾ?"

ನಗುತ್ತಲೇ ಅಂದ. ನನಗೆ ನಗು ಬರಲಿಲ್ಲ. ತೊಟ್ಟಿಯಲ್ಲಿ ತಿರುಗಿಸಿ ತೋರಿಸಿದೆ. ತೊಟ್ಟಿ ಎರಡು ಮೊಳ, ನೀವು ಸರ್ರಂತ ಎಳೀತೀರಿ, ಕೆರೆಯಲ್ಲಿ ಕೈಯಿಂದ ಮೆಲ್ಲಗೆ ಎಳೆಯಬೇಕು, ಆಗ ಇದು ಕಂಬಿಗೆ ಅಂಟಿಕೊಂಡು ಸತ್ತ ಎಲೆಯ ಹಾಗೆ ಬರುತ್ತದೆ ಅಂದ. ಅದೇನು ಹಾಳು ಅಭ್ಯಾಸವೋ, ಗಿರಗಿಟ್ಲೆಯನ್ನು ಬಾಯಿಗಿಟ್ಟು ಬರೀ ಒಸಡಿನಲ್ಲಿ ಒತ್ತಿದ. ನಾನು ನೋಡಿದ್ದು ಕಂಡು ಗಾಬರಿಯಾಗಿ ತೆಗೆದು ಅಂಗಿಗೆ ಒರೆಸಿದ.

ಆ ತಗ್ಗು ಬೇಕಿತ್ತಂತೆ. ಮೊದಲೇ ಹೇಳಬಾರದೆ? ಕೇಳಿದೆ. ಗಿರಗಿಟ್ಲೆಯನ್ನು ಇನ್ನೊಮ್ಮೆ ಅಂಗಿಗೆ ಒರೆಸಿದ. ನಾನೇ ಕೆಡಿಸಿದ್ದು, ನಾನೇ ಸರಿ ಮಾಡಿಕೊಡುತ್ತೇನೆ ಅಂದೆ.

೨೦ ಏಪ್ರಿಲ್

ಇಕ್ಕಳದಲ್ಲಿ ಹಿಡಿದು ತಗ್ಗು ಮಾಡಿದೆ. ಗೆರೆ ಬಿತ್ತು, ತಗ್ಗಾಗಲಿಲ್ಲ. ಇಕ್ಕಳಕ್ಕೆ ಬಟ್ಟೆ ಸುತ್ತಿ ಒತ್ತಿದೆ. ಒಂದು ಕಡೆ ಉಬ್ಬಿತು.

೨೨ ಏಪ್ರಿಲ್

ಹಳೆಯ ಎಲೆ ಸೀಳಿತು. ಎಷ್ಟು ಸಲ ಬಗ್ಗಿಸಿ ನೆಟ್ಟಗೆ ಮಾಡಿದರೆ ತಡೆದೀತು... ಇಪ್ಪತ್ತೈದು ವರ್ಷದ ಸಾಮಾನು. ಊಟ ಸೇರಲಿಲ್ಲ.

೨ ಮೇ

ಹತ್ತು ದಿನ ಬರೆದಿಲ್ಲ. ಬರೆಯುವುದೇನು. ಒಂದು ಎಲೆ ಬೆಲ್ಲಿನ ಮುಚ್ಚಳದಿಂದ — ಬಿಗಿ, ತಿರುಗಲಿಲ್ಲ. ಒಂದು ಮಡ್‌ಗಾರ್ಡ್ ತಗಡಿನಿಂದ — ಹಗುರ, ಎಳೆದರೆ ನೀರಿನ ಮೇಲೇ ಜಾರಿತು. ಕಾಶಮ್ಮನ ಹಿತ್ತಾಳೆ ಸೌಟು ಕೇಳಿದೆ. ಕೊಡಲಿಲ್ಲ. ಸಂತೆಯಿಂದ ಹಳೆಯದೊಂದು ತಂದು ಮೂರು ಎಲೆ ಕತ್ತರಿಸಿದೆ. ಆಕಾರ ಬಂತು. ತಗ್ಗು ಬರಲಿಲ್ಲ. ಅಂಗಡಿಯಲ್ಲಿ ಸೈಕಲ್ಲುಗಳು ಸಾಲಾಗಿ ಬಿದ್ದಿವೆ, ಗಿರಾಕಿಗಳು ಬೈಯುತ್ತಿದ್ದಾರೆ.

೧೧ ಮೇ

ಬುಕ್ಕಾಂಬುಧಿಗೆ ಸೈಕಲ್ ತುಳಿದುಕೊಂಡು ಹೋದೆ. ಮೂರು ಎಲೆಯೂ ಕೊಟ್ಟೆ. ಏರಿ ಮೇಲೆ ನಿಂತು ಎಸೆದ. ಎಳೆದ. ತಲೆ ಅಲ್ಲಾಡಿಸಿದ. ಮೂರು ಸಲವೂ ಅದೇ. ಬಿಸಿಲು ನೆತ್ತಿ ಸುಡುತ್ತಿತ್ತು. ನನಗೆ ಸಿಟ್ಟು ಬಂತು. ಆ ತಗ್ಗು ನೀನು ಹೇಗೆ ಮಾಡಿದ್ದೆಯೋ ಅದನ್ನಾದರೂ ಬಾಯಿಬಿಟ್ಟು ಹೇಳು ಅಂದೆ.

ತೂಬಿನ ಕಲ್ಲಿನ ಮೇಲೆ ಕೂತ. ದವಡೆ ಮುಟ್ಟಿಕೊಂಡ. ಪ್ರತಿ ಸಲ ಎಸೆಯುವ ಮೊದಲು ದವಡೆ ಹಲ್ಲಲ್ಲಿ ಕಚ್ಚುತ್ತಿದ್ದನಂತೆ. ನೀರು ತಿಳಿಯಾಗಿದ್ದರೆ ಒಂದಿಷ್ಟು, ಕದಡಿದ್ದರೆ ಇನ್ನೊಂದಿಷ್ಟು. ಇಕ್ಕಳಕ್ಕೆ ಹಿತ್ತಾಳೆ ನೋಯುತ್ತದೆ, ಹಲ್ಲಿಗೆ ಮಣಿಯುತ್ತದೆ. ಈಗ ತನಗೂ ಹಲ್ಲಿಲ್ಲ, ಹೆಂಡತಿ ಹುಲಿಯಮ್ಮನಿಗೂ ಇಲ್ಲ. ಅಳಿಯನ ಕೈಗೆ ಕೊಟ್ಟರೆ ಕಬ್ಬು ಕಚ್ಚಿದ ಹಾಗೆ ಕಚ್ಚುತ್ತಾನೆ.

ತಿಂಗಳು ಪೂರ್ತಿ ಒದ್ದಾಡಿದೆನಲ್ಲ, ಯಾಕೆ ಹೇಳಲಿಲ್ಲ ಅಂತ ಕೇಳಿದೆ. ನೀರಿನ ಕಡೆ ನೋಡುತ್ತಾ ಅಂದ:

"ಇಪ್ಪತ್ತೈದು ವರ್ಷ ನನ್ನ ಎಂಜಲಲ್ಲಿ ಇದ್ದದ್ದು ಅಂತ ಹೇಳಿದ್ರೆ ನೀವು ಮುಟ್ತಿದ್ರಾ, ಯಜಮಾನ್ರೇ?"

ಸೈಕಲ್ ಹತ್ತಿ ಬಂದುಬಿಟ್ಟೆ. ದಾರಿಯುದ್ದ ಎದುರುಗಾಳಿ.

೧೨ ಮೇ

ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಮನಸ್ಸು ನಿಲ್ಲಲಿಲ್ಲ. ಮುಟ್ಟುತ್ತಿದ್ದೆನಾ? ಗೊತ್ತಿಲ್ಲ. ಗೊತ್ತು. ಅಂಗಡಿ ಬಾಗಿಲು ತೆಗೆದ ತಕ್ಷಣ ಕಂಡದ್ದು ಕಿಟಕಿ ಮೇಲಿನ ಆ ಲೋಟ.

೧೯ ಮೇ

ಹುಣಸೆ ಕೊರಡಿನಲ್ಲಿ ಎರಡು ದವಡೆ ಹಲ್ಲು ಕೆತ್ತಿದೆ. ಬಿಗಿಯುವ ವೈಸಿನ ಬಾಯಿಗೆ ಕಟ್ಟಿ, ಸಂತೆ ಸೌಟಿನಿಂದ ಕತ್ತರಿಸಿದ ಇನ್ನೊಂದು ಎಲೆಯನ್ನು ನಡುವೆ ಇಟ್ಟು ಒತ್ತಿದೆ. ಎಲೆ ಹಾಗೇ ಉಳಿಯಿತು, ಮರ ತಗ್ಗಾಯಿತು. ಕಾಶಮ್ಮ ಬಂದು ನೋಡಿ, ಇದೇನು ಯಾರಿಗೆ ಹಲ್ಲು ಕಟ್ಟುತ್ತಿದ್ದೀರಿ ಅಂದಳು. ಎಲ್ಲ ಹೇಳಿದೆ. ಎಂಜಲಿನ ಮಾತೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

"ನಿಮ್ಮ ಹಲ್ಲು ಗಟ್ಟಿಯಾಗೇ ಅವಲ್ಲ," ಅಂದು ಒಳಗೆ ಹೋದಳು.

ಛೇ. ಇವಳಿಗೆ ಏನು ಗೊತ್ತು. ಮೀನಿನ ಕೊಕ್ಕೆ ಬಾಯಿಗೆ ಇಡುವುದೆಂದರೆ...

೨೬ ಮೇ

ಕೊಕ್ಕೆ ಬಿಚ್ಚಿ ಎಲೆಯೊಂದನ್ನೇ ಅಂಗಡಿಯಲ್ಲಿ ಕೂತು ಕಚ್ಚಿದೆ. ಹೊಸದಾಗಿ ಕತ್ತರಿಸಿದ್ದು, ಯಾರ ಬಾಯೂ ಮುಟ್ಟಿಲ್ಲ. ನಾಲಿಗೆಯೆಲ್ಲ ಕಹಿ. ತಗ್ಗು ಬಂತು. ತೊಟ್ಟಿಯಲ್ಲಿ ಮೆಲ್ಲಗೆ ಎಳೆದರೂ ತಿರುಗಿತು. ಆದರೆ ಕೆರೆಗೆ ಎಷ್ಟು ಬೇಕೋ ಅಷ್ಟಾಗಿದೆಯಾ? ಅದು ದಾರ ಹಿಡಿದವನಿಗೆ ಮಾತ್ರ ಗೊತ್ತು. ಒಬ್ಬ ಎಳೆಯಬೇಕು, ಒಬ್ಬ ಕಚ್ಚಬೇಕು. ಒಂದೇ ಎಲೆ, ಮತ್ತೆ ಮತ್ತೆ.

೩೧ ಮೇ, ಬೆಳಿಗ್ಗೆ ಎಂಟು, ಕೆರೆ ಏರಿ

ನಾಳೆ ಬಲೆ ಬರುತ್ತದೆ. ಆಚೆ ದಡಕ್ಕೆ ಕಂಟ್ರಾಕ್ಟರನ ತೆಪ್ಪ ಆಗಲೇ ಬಂದಿದೆ. ಲಕ್ಷ್ಮಣಪ್ಪ ಎಸೆಯುವಾಗ ನನಗೆ ಕೆಲಸವಿಲ್ಲ, ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ.

ಆರು ಗಂಟೆಗೇ ಬಂದೆ. ಬರುತ್ತೇನೆ ಅಂತ ಅವನು ನಂಬಿರಲಿಲ್ಲ. ಮೊದಲ ಸಲ ಎಸೆದ, ತಿರುಗಿತು, ಸೋಮಾರಿ ತಿರುಗು. ಇನ್ನೂ ಸ್ವಲ್ಪ ಬೇಕು ಅಂದ. ಕೊಕ್ಕೆ ಬಿಚ್ಚಿ, ಎಲೆಯನ್ನು ನೀರಲ್ಲಿ ಮೂರು ಸಲ ತೊಳೆದು, ಅಂಗೈ ಮೇಲಿಟ್ಟು ಕೊಟ್ಟ. ಕಚ್ಚಿದೆ. ಅವನು ಆ ಕಡೆ ಮುಖ ತಿರುಗಿಸಿಕೊಂಡ.

ಎರಡನೇ ಸಲ. ಈಗ ಜಾಸ್ತಿ ಆಯಿತಂತೆ, ವಾಲುತ್ತದೆ. ಯೋಚನೆಯಲ್ಲಿ ಎಲೆಯನ್ನು ತನ್ನ ಬಾಯಿಗಿಟ್ಟು ಒಸಡಿನಲ್ಲಿ ಒತ್ತಿ ನೋಡಿದ. ಎಲ್ಲಿ ಹೆಚ್ಚಾಗಿದೆ ಅಂತ ಅವನಿಗೆ ಹಾಗೇ ಗೊತ್ತಾಗುವುದು. ಆಮೇಲೆ ನೆನಪಾಗಿ ಬೆಚ್ಚಿದ. ತೊಳೆಯಲು ಮೆಟ್ಟಿಲಿಳಿದು ಬಗ್ಗಿದ.

ಬಗ್ಗಿದ್ದು ನೋಡಲಾಗಲಿಲ್ಲ.

"ತೊಳೀಬೇಡ ಕಣೋ. ತಾ ಇಲ್ಲಿ."

"ಬ್ಯಾಡಿ ಯಜಮಾನ್ರೇ."

"ಎಲ್ಲಿ ಒತ್ತಬೇಕು, ಅದು ಹೇಳು."

ಉಗುರಲ್ಲಿ ಜಾಗ ತೋರಿಸಿದ. ಇನ್ನೂ ಒದ್ದೆಯಿತ್ತು. ಹೊಗೆಸೊಪ್ಪಿನ ವಾಸನೆ, ಸ್ವಲ್ಪ ಬೆಚ್ಚಗೆ. ಬಾಯಿಗಿಟ್ಟೆ. ಒತ್ತಿದೆ. ಅವನು ಈ ಸಲ ಮುಖ ತಿರುಗಿಸಲಿಲ್ಲ, ಒಂದು ನೂಲಿನಷ್ಟು, ಸಾಕು, ಸಾಕು ಅಂತ ಹೇಳುತ್ತಾ ಹೋದ.

ಈಗ ಎಸೆದಿದ್ದಾನೆ. ಬಾಯಿ ಮುಕ್ಕಳಿಸಲು ಎದ್ದವನು ಮತ್ತೆ ಕೂತೆ. ದಾರ ಬಹಳ ಮೆಲ್ಲಗೆ ಬರುತ್ತಿದೆ. ಅವನ ತೋರುಬೆರಳು ನಡುಗುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ — ಎಲೆ ತಿರುಗಿದರೆ ದಾರ ಹಾಗೆ ಬೆರಳಿಗೆ ಹೇಳುತ್ತದಂತೆ. ಮೀನಿನ್ನೂ ಇಲ್ಲ. ಇದು ಬರೀ ಎಲೆ. ಸರಿಯಾಗಿ ತಿರುಗುತ್ತಿದೆ.

ಕರೆಯುತ್ತಿದ್ದಾನೆ. ನೀವೇ ಹಿಡಿದು ನೋಡಿ ಅಂತ ದಾರವನ್ನು ನನ್ನ ಕಡೆ ಚಾಚಿದ್ದಾನೆ. ಹಿಡಿದರೆ ಬರೆಯಲು ಕೈ—